ಮಳೆಯ ನಷ್ಟ ಯಾರ ಖಾತೆಗೆ?

2023ರ ಜುಲೈನಲ್ಲಿ ಕೋಲಾರದ ಎಪಿಎಂಸಿಯಲ್ಲಿ 15 ಕಿಲೋ ಟೊಮೆಟೊ ಬಾಕ್ಸಿನ ಬೆಲೆ ಎರಡು ಸಾವಿರ ರೂಪಾಯಿ ದಾಟಿತು. ತೋಟಕ್ಕೆ ರಾತ್ರಿಯಿಡೀ ಕಾವಲು ಕೂತವರಿದ್ದರು. ನಮ್ಮ ಚಿಕ್ಕಪ್ಪನಿಗೆ ಆ ಕಷ್ಟವಿರಲಿಲ್ಲ, ಕಾಯುವುದಕ್ಕೆ ಅವರ ತೋಟದಲ್ಲಿ ಹಣ್ಣೇ ಇರಲಿಲ್ಲ. ಬಿಳಿ ನೊಣ ಕೂತು, ಎಲೆ ಮುದುಡಿ, ಗಿಡಗಳು ಮೊಣಕಾಲೆತ್ತರಕ್ಕೇ ನಿಂತುಬಿಟ್ಟಿದ್ದವು. ಆದರೂ ಮಂಡಿಗೆ ಹೋಗಿ ಹರಾಜು ನೋಡಿಕೊಂಡು ಬಂದರು. "ಬೇರೆಯವರ ಮದುವೆ ಊಟ ನೋಡಿದ ಹಾಗಾಯ್ತು ಕಣೋ" ಅಂದು ಬೀಡಿ ಹಚ್ಚಿದರು.

ಆ ಬಿಳಿ ನೊಣ ದೆಹಲಿಯವರೆಗೂ ಹೋಯಿತು. ಟೊಮೆಟೊ ಯಾಕಿಷ್ಟು ದುಬಾರಿ ಎಂದು ಸಂಸತ್ತಿನಲ್ಲಿ ಕೇಳಿದಾಗ ಕೇಂದ್ರ ಸರ್ಕಾರ ಕೊಟ್ಟ ಕಾರಣಗಳಲ್ಲಿ 'ಕೋಲಾರದ ಬಿಳಿ ನೊಣದ ಬಾಧೆ'ಯೂ ಒಂದು. ಉತ್ತರ ಭಾರತದ ಮಳೆ, ಅಸ್ತವ್ಯಸ್ತವಾದ ರಸ್ತೆ ಸಂಚಾರ ಉಳಿದ ಕಾರಣಗಳು. ಆ ತಿಂಗಳ ಚಿಲ್ಲರೆ ಹಣದುಬ್ಬರ 7.44%, ತರಕಾರಿಯದ್ದು 37%ಕ್ಕೂ ಹೆಚ್ಚು. ಹಣದುಬ್ಬರ ಲೆಕ್ಕ ಹಾಕುವ ಆಗಿನ ಬುಟ್ಟಿಯಲ್ಲಿ ಟೊಮೆಟೊದ ತೂಕ 0.57% ಮಾತ್ರ, ನೂರು ರೂಪಾಯಿ ಖರ್ಚಿನಲ್ಲಿ ಅರವತ್ತು ಪೈಸೆಯೂ ಇಲ್ಲ. ಆದರೂ ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕು ತರಕಾರಿ ಬೆಲೆಯನ್ನೂ ಗಮನದಲ್ಲಿಟ್ಟುಕೊಂಡು, ಆ ವರ್ಷದ ಹಣದುಬ್ಬರದ ಅಂದಾಜನ್ನು 5.1%ನಿಂದ 5.4%ಕ್ಕೆ ಏರಿಸಿತು. ಬ್ಯಾಂಕುಗಳಿಗೆ ಅದು ಸಾಲ ಕೊಡುವ ರೆಪೋ ದರ 6.5%ರಲ್ಲೇ ಉಳಿಯಿತು. ಬೆಂಗಳೂರಲ್ಲಿ ಮನೆ ಸಾಲದ ಕಂತು ಕಟ್ಟುವವರು ದರ ಇಳಿಯಲಿ ಎಂದು ಕಾಯುತ್ತಲೇ ಇದ್ದರು. ಒಂದು ಕೀಟಕ್ಕೆ ಇಷ್ಟು ದೂರದ ಹಾದಿ!

ಕೀಟಕ್ಕೂ ಹವಾಮಾನಕ್ಕೂ ಇರುವ ನಂಟು ನೇರ. ಕೀಟದ ಮೈ ಬಿಸಿಯನ್ನು ಹೊರಗಿನ ಗಾಳಿಯೇ ತೀರ್ಮಾನಿಸುತ್ತದೆ. ಒಂದು ಮಿತಿಯವರೆಗೆ ಸೆಕೆ ಹೆಚ್ಚಿದಷ್ಟೂ ಮೊಟ್ಟೆ, ಮರಿ, ಮತ್ತೆ ಮೊಟ್ಟೆ ಎನ್ನುವ ಸುತ್ತು ಚುರುಕಾಗುತ್ತದೆ. ಒಂದು ಬೆಳೆಯ ಅವಧಿಯಲ್ಲಿ ಒಂದೆರಡು ತಲೆಮಾರು ಹೆಚ್ಚಿಗೆ ಹುಟ್ಟಿದರೂ ಸಾಕು, ಔಷಧಿ ಹೊಡೆಯುವವನ ಕೈ ಸೋಲುತ್ತದೆ. ಇನ್ನು ಬೆಲೆಯ ವಿಚಾರ. ಟೊಮೆಟೊವನ್ನು ರಾಗಿಯಂತೆ ಕೂಡಿಡಲು ಆಗುವುದಿಲ್ಲ, ಸಾರಿಗಂತೂ ಬೇಕೇ ಬೇಕು. ಹೀಗಾಗಿ ಮಾರುಕಟ್ಟೆಗೆ ಬರುವ ಮಾಲು ಸ್ವಲ್ಪ ಕಡಿಮೆಯಾದರೆ ಬೆಲೆ ಸ್ವಲ್ಪ ಏರಿ ಸುಮ್ಮನಾಗುವುದಿಲ್ಲ, ನೆಗೆಯುತ್ತದೆ. ನೆಗೆದ ಬೆಲೆ ನೋಡಿ ಎಲ್ಲರೂ ಸಸಿ ನೆಡುತ್ತಾರೆ. ಎರಡು ತಿಂಗಳು ಕಳೆಯುವಷ್ಟರಲ್ಲಿ ಎಲ್ಲರ ಹಣ್ಣೂ ಒಟ್ಟಿಗೇ ಮಂಡಿಗೆ ಬರುತ್ತದೆ. ಅದೇ ಸೆಪ್ಟೆಂಬರಲ್ಲಿ ಬೆಲೆ ನೆಲ ಕಚ್ಚಿತು, ರಸ್ತೆ ಬದಿಗೆ ಹಣ್ಣು ಸುರಿದವರ ಫೋಟೊ ಪತ್ರಿಕೆಯಲ್ಲಿ ಬಂತು. ಚಿಕ್ಕಪ್ಪನ ಎರಡನೇ ಬೆಳೆ ಕೈಗೆ ಬಂದದ್ದು ಆಗಲೇ.

ಹವಾಮಾನ ಬದಲಾವಣೆ ಮತ್ತು ಆರ್ಥಿಕತೆ ಎಂದರೆ ಸಾಮಾನ್ಯವಾಗಿ ಕರಗುವ ಹಿಮ, ಮುಳುಗುವ ದ್ವೀಪ, ಇಷ್ಟು ಲಕ್ಷ ಕೋಟಿ ಡಾಲರ್ ನಷ್ಟ ಎಂಬ ಮಾತು ಬರುತ್ತದೆ. ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು ಆ ನಷ್ಟದ ಓಡಾಟ. ನಷ್ಟ ಇದ್ದಲ್ಲೇ ಇರುವುದಿಲ್ಲ. ಶಕ್ತಿ ಇದ್ದವರು ಅದನ್ನು ಮುಂದಿನವನ ಖಾತೆಗೆ ದಾಟಿಸುತ್ತಾರೆ. ದಾಟಿಸಲಾಗದವನ ಬಳಿ ಅದು ಕೂತುಕೊಳ್ಳುತ್ತದೆ.

ದಾಟಿಸುವುದಕ್ಕೆಂದೇ ಹುಟ್ಟಿದ್ದು ವಿಮೆ. ಊರಿನ ಸಾವಿರ ಮನೆಗಳಲ್ಲಿ ವರ್ಷಕ್ಕೊಂದು ಮನೆಗೆ ಬೆಂಕಿ ಬಿದ್ದರೆ, ಸಾವಿರ ಜನ ಚೂರು ಚೂರು ಹಾಕಿ ಒಬ್ಬನನ್ನು ಎತ್ತಬಹುದು. ಒಂದು ಮನೆಗೆ ಬೆಂಕಿ ಬಿತ್ತೆಂದು ಪಕ್ಕದ ಬೀದಿಗೂ ಬೀಳುವುದಿಲ್ಲ ಎಂಬ ನಂಬಿಕೆಯ ಮೇಲೆ ಈ ಗಣಿತ ನಿಂತಿದೆ. ಬರಕ್ಕೆ ಆ ನಿಯಮವಿಲ್ಲ. ಅದು ಬಂದರೆ ಇಡೀ ತಾಲ್ಲೂಕಿಗೇ ಬರುತ್ತದೆ. 2023ರಲ್ಲಿ ಕರ್ನಾಟಕದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾದವು. ನಮ್ಮ ಕಡೆ ಚೀಟಿ ಹಾಕುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಎಲ್ಲರಿಗೂ ಅದೇ ತಿಂಗಳು ದುಡ್ಡು ಬೇಕಾದರೆ ಚೀಟಿ ನಡೆಸುವವನು ಊರು ಬಿಡಬೇಕಾಗುತ್ತದೆ.

ಅಮೆರಿಕದಲ್ಲಿ ಆದದ್ದೂ ಅದೇ. 1992ರ ಆಗಸ್ಟ್‌ನಲ್ಲಿ ಫ್ಲಾರಿಡಾಕ್ಕೆ ಆಂಡ್ರ್ಯೂ ಚಂಡಮಾರುತ ಅಪ್ಪಳಿಸಿ ಹಲವು ವಿಮಾ ಕಂಪನಿಗಳು ಮುಳುಗಿಹೋದವು. ವಿಮಾ ಕಂಪನಿಗಳಿಗೇ ವಿಮೆ ಕೊಡುವ ಜರ್ಮನಿಯ ಮ್ಯೂನಿಕ್ ರೀ ಸಂಸ್ಥೆ ವಾತಾವರಣ ಬಿಸಿಯಾಗುತ್ತಿರುವುದನ್ನು 1973ರಲ್ಲೇ ಬರೆದಿಟ್ಟಿತ್ತು. ಹಸಿರು ಚಳವಳಿಗಾರರ ಮಾತು ಕೇಳಿ ಅಲ್ಲ, ತಮ್ಮದೇ ಕ್ಲೇಮುಗಳ ಲೆಕ್ಕ ನೋಡಿ. 2023ರ ಮೇ ತಿಂಗಳಲ್ಲಿ ಸ್ಟೇಟ್ ಫಾರ್ಮ್ ಕಂಪನಿ, ಕಾಳ್ಗಿಚ್ಚನ್ನೂ ಒಂದು ಕಾರಣವಾಗಿ ಕೊಟ್ಟು, ಕ್ಯಾಲಿಫೋರ್ನಿಯಾದಲ್ಲಿ ಮನೆಗಳಿಗೆ ಹೊಸ ವಿಮೆ ಬರೆಯುವುದನ್ನೇ ನಿಲ್ಲಿಸಿತು. ವಿಮೆ ಇಲ್ಲದ ಮನೆಗೆ ಬ್ಯಾಂಕು ಸಾಲ ಕೊಡುವುದಿಲ್ಲ. ಸಾಲ ಸಿಗದ ಮನೆಯನ್ನು ಕೊಳ್ಳುವವರು ಕಡಿಮೆ. ಬೆಂಕಿ ಇನ್ನೂ ಬಿದ್ದಿರುವುದಿಲ್ಲ, ಮನೆಯ ಬೆಲೆ ಆಗಲೇ ಬಿದ್ದಿರುತ್ತದೆ. ಮಾರುಕಟ್ಟೆ ಹವಾಮಾನವನ್ನು ಅಳೆಯುವ ರೀತಿ ಇದು, ಆಗಿಹೋದದ್ದನ್ನಲ್ಲ, ಆಗಬಹುದಾದ್ದನ್ನು.

ಈ ಲೆಕ್ಕ ನಮ್ಮ ಜಿಲ್ಲೆಗೆ ಹೊಸದಲ್ಲ. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ತಂತಿ ಎಳೆದು ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ತಂದರು. ಗಣಿ ನಡೆಸುತ್ತಿದ್ದದ್ದು ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್. ಬೇಸಿಗೆಯಲ್ಲಿ ಕಾವೇರಿ ಸೊರಗಿದರೆ ಗಣಿಗೆ ಸಲ್ಲಬೇಕಾದ ವಿದ್ಯುತ್ತಿಗೆ ಕುತ್ತು. ಅಂದರೆ ಕೊಡಗಿನ ಮಳೆ ಕೈಕೊಟ್ಟರೆ ಲಂಡನ್ನಿನ ಷೇರುದಾರನ ಲಾಭಕ್ಕೆ ಪೆಟ್ಟು, ರಾಜಧನ ನಂಬಿದ್ದ ಮೈಸೂರಿನ ಖಜಾನೆಗೂ ಪೆಟ್ಟು. ಆ ಅಪಾಯವನ್ನು ಕಂಪನಿಯ ತಲೆಯಿಂದ ಇಳಿಸಿದ್ದು ಮೈಸೂರು ಸಂಸ್ಥಾನ. 1911ರಲ್ಲಿ ಶುರುವಾದ ಕನ್ನಂಬಾಡಿ ಕಟ್ಟೆಯ ಉದ್ದೇಶಗಳಲ್ಲಿ ಗಣಿಗೆ ವರ್ಷವಿಡೀ ತಪ್ಪದೆ ವಿದ್ಯುತ್ ಕೊಡುವುದೂ ಒಂದಾಗಿತ್ತು. ಆಗ ಮುಖ್ಯ ಎಂಜಿನಿಯರ್ ಆಗಿದ್ದವರು ಚಿಕ್ಕಬಳ್ಳಾಪುರದ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು. ಶಾಲೆಯಲ್ಲಿ ನಾವು ಓದಿದ್ದು ಮಂಡ್ಯದ ಕಬ್ಬು, ಭತ್ತದ ಕಥೆ. ಚಿನ್ನದ ಕಥೆಯನ್ನು ಯಾರೂ ಹೇಳಲಿಲ್ಲ. ಗಣಿ 2001ರಲ್ಲಿ ಮುಚ್ಚಿತು, ಕಟ್ಟೆ ಉಳಿಯಿತು.

ಬಿಸಿಲು, ಬರ, ನೆರೆ ಕೊಡುವ ನೇರ ಪೆಟ್ಟು ಒಂದು ಬಗೆ. ಇನ್ನೊಂದು ಬಗೆಯನ್ನು 2015ರ ಸೆಪ್ಟೆಂಬರಲ್ಲಿ ಬ್ಯಾಂಕ್ ಆಫ್ ಇಂಗ್ಲೆಂಡಿನ ಗವರ್ನರ್ ಆಗಿದ್ದ ಮಾರ್ಕ್ ಕಾರ್ನಿ ಲಂಡನ್ನಿನ ವಿಮಾದಾರರ ಮುಂದೆಯೇ ನಿಂತು ವಿವರಿಸಿದರು. ಜಗತ್ತು ಕಲ್ಲಿದ್ದಲು, ತೈಲ ಬಿಟ್ಟು ಬೇರೆ ದಾರಿ ಹಿಡಿದಾಗ ಹಳೆಯ ದಾರಿಯಲ್ಲಿ ಹಾಕಿದ ಬಂಡವಾಳ ಏನಾಗುತ್ತದೆ? ಮೂವತ್ತು ವರ್ಷ ದುಡಿಯುತ್ತದೆಂದು ಕಟ್ಟಿದ ಸ್ಥಾವರ ಹದಿನೈದಕ್ಕೇ ನಿಂತರೆ, ಅದಕ್ಕೆ ಸಾಲ ಕೊಟ್ಟ ಬ್ಯಾಂಕಿನ ಗತಿ? ಯುರೋಪ್ ಈಗ ಹೊರಗಿನಿಂದ ಬರುವ ಉಕ್ಕು, ಸಿಮೆಂಟು, ಅಲ್ಯೂಮಿನಿಯಂಗಳ ಇಂಗಾಲದ ಲೆಕ್ಕ ಕೇಳುತ್ತಿದೆ. 2023ರ ಅಕ್ಟೋಬರಿನಿಂದ ವರದಿ ಮಾತ್ರ ಸಾಕಿತ್ತು, 2026ರಿಂದ ಅದಕ್ಕೆ ಬೆಲೆಯನ್ನೂ ಕಟ್ಟುತ್ತಿದೆ.

ಈ ಬದಲಾವಣೆಯಲ್ಲಿ ಗೆದ್ದವರೂ ಇದ್ದಾರೆ. ತುಮಕೂರು ಜಿಲ್ಲೆಯ ಪಾವಗಡಕ್ಕೆ ಬರ ಎಂದರೆ ನೆಂಟನಲ್ಲ, ಮನೆಯವನೇ. ತಿರುಮಣಿ, ಬಳಸಮುದ್ರದ ಸುತ್ತ ಸುಮಾರು 13,000 ಎಕರೆಯಲ್ಲಿ ಈಗ 2,050 ಮೆಗಾವಾಟ್ ಸಾಮರ್ಥ್ಯದ ಸೋಲಾರ್ ಪಾರ್ಕಿದೆ. ಜಮೀನನ್ನು ಕೊಂಡಿಲ್ಲ, ಗುತ್ತಿಗೆಗೆ ಪಡೆದಿದ್ದಾರೆ. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾಗಿ ಎರಡು ವರ್ಷಕ್ಕೊಮ್ಮೆ 5% ಏರಿಕೆ. ಕಡಲೆಕಾಯಿ ಬಿತ್ತಿ ಆಕಾಶ ನೋಡುತ್ತಿದ್ದವರ ಮಳೆಯ ಅಪಾಯವನ್ನು ಗುತ್ತಿಗೆ ಕಾಗದ ತನ್ನ ಮೇಲೆ ಹಾಕಿಕೊಂಡಿತು. ಬೆಳೆಗೆ ಶಾಪವಾಗಿದ್ದ ಬಿಸಿಲೇ ಬಾಡಿಗೆ ತಂದಿತು. ಜಮೀನು ಇದ್ದವರಿಗೆ, ಅಷ್ಟೇ. ಅದೇ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದವರ ಹೆಸರು ಪಹಣಿಯಲ್ಲಿ ಇರಲಿಲ್ಲ, ಹಾಗಾಗಿ ಗುತ್ತಿಗೆಯಲ್ಲೂ ಇಲ್ಲ. ಕುರಿ, ಮೇಕೆ ಮೇಯಿಸುತ್ತಿದ್ದವರ ಪಾಡೂ ಹೀಗೆಯೇ. ಅಪಾಯ ದಾಟಿತು, ಜೊತೆಗೆ ಕೂಲಿಯೂ ದಾಟಿಹೋಯಿತು.

ಕಂಪನಿಗಳೂ ಈಗ ಈ ವಿಷಯದಲ್ಲಿ ಬಾಯಿಬಿಡಬೇಕು. ಮೌಲ್ಯದಲ್ಲಿ ಷೇರುಪೇಟೆಯ ಮೊದಲ ಸಾವಿರ ಕಂಪನಿಗಳು 2022–23ರಿಂದ ಸುಸ್ಥಿರತೆಯ ವರದಿ ಕೊಡಬೇಕೆಂದು ಪೇಟೆಯ ನಿಯಂತ್ರಕ ಸೆಬಿ ಕಡ್ಡಾಯ ಮಾಡಿದೆ. ಅಂಥ ಕೆಲವು ವರದಿಗಳನ್ನು ಓದಿದ್ದೇನೆ. ಗಿಡ ನೆಟ್ಟ ಫೋಟೊ ಧಾರಾಳವಾಗಿರುತ್ತವೆ. ಕಾರ್ಖಾನೆಯ ಬೋರು ಬತ್ತಿದರೆ ಏನು ಮಾಡುತ್ತೀರಿ ಎಂಬುದಕ್ಕೆ ಉತ್ತರ ಹುಡುಕಲು ಭೂತಗನ್ನಡಿ ಬೇಕು.

ಇನ್ನು ರೈತನ ವಿಮೆ. ಮಾವಿನಂಥ ತೋಟದ ಬೆಳೆಗಳಿಗೆ ಹವಾಮಾನ ಆಧಾರಿತ ವಿಮೆಯಿದೆ. ರೈತನ ಕಂತು ಹೆಚ್ಚೆಂದರೆ ವಿಮಾ ಮೊತ್ತದ 5%, ಮಿಕ್ಕಿದ್ದು ಸರ್ಕಾರದ್ದು. ಇಲ್ಲಿ ಸಾಮಾನ್ಯವಾಗಿ ಯಾರೂ ಬಂದು ಮರ ನೋಡುವುದಿಲ್ಲ, ಮಳೆಮಾಪಕ ಏನು ಹೇಳಿತೋ ಅದೇ ತೀರ್ಪು. ಕೈಲಂಚದ ಕಾಟ ತಪ್ಪಿತು, ನಿಜ. ಆದರೆ ನಮ್ಮ ಕಡೆ ಎತ್ತಿನ ಒಂದು ಕೊಂಬಿಗೆ ಮಳೆ ಬಿದ್ದು ಇನ್ನೊಂದು ಕೊಂಬು ಒಣಗಿರುವುದುಂಟು. ಮಾಪಕ ಇರುವ ಪಂಚಾಯಿತಿ ಕಟ್ಟಡದ ಮೇಲೆ ಹದವಾಗಿ ಸುರಿದ ಮಳೆ, ಎರಡು ಮೈಲಿ ಆಚೆಯ ತೋಪಿನಲ್ಲಿ ಮಿತಿಮೀರಿ ಸುರಿದು ಹೂ ಉದುರಿಸಿರಬಹುದು. ಕಾಗದದ ಪ್ರಕಾರ ಅಲ್ಲಿ ನಷ್ಟವೇ ಆಗಿಲ್ಲ. ಭೂಮಿ ಒಂದು ಡಿಗ್ರಿ ಬಿಸಿಯಾದರೆ ಗಾಳಿ ಸುಮಾರು 7% ಹೆಚ್ಚು ನೀರಾವಿ ಹಿಡಿಯಬಲ್ಲದು. ಅದಕ್ಕೇ ಮಳೆ ಬಂದಾಗ ಒಮ್ಮೆಲೇ ದಬದಬ ಸುರಿಯುವುದು ಹೆಚ್ಚುತ್ತಿದೆ. ಮಳೆ ಹೀಗೆ ತುಂಡು ತುಂಡಾದಷ್ಟೂ ಮಾಪಕಕ್ಕೂ ತೋಟಕ್ಕೂ ನಡುವಿನ ಆ ಎರಡು ಮೈಲಿ ಉದ್ದವಾಗುತ್ತಾ ಹೋಗುತ್ತದೆ.

ಚಿಕ್ಕಪ್ಪ ಈಗ ತಮ್ಮದೇ ವಿಮೆ ಮಾಡಿಕೊಂಡಿದ್ದಾರೆ. ಅರ್ಧ ಎಕರೆ ರಾಗಿ, ಎರಡು ಸೀಮೆ ಹಸು, ಉಳಿದ ಎಕರೆಗೆ ಮಾತ್ರ ಟೊಮೆಟೊ. ಹಾಲಿನ ಡೇರಿಯ ಬಟವಾಡೆಯಲ್ಲಿ ಸಂಸಾರ, ಟೊಮೆಟೊ ದುಡ್ಡಿನಲ್ಲಿ ಸಾಲ. ಲಾಭ ಕಡಿಮೆ, ನಿದ್ದೆ ಪರವಾಗಿಲ್ಲ ಅನ್ನುತ್ತಾರೆ. ಅವರಿಗೆ ಧೈರ್ಯ ಕೊಟ್ಟಿದ್ದು ಊರ ಮುಂದಿನ ಕೆರೆ. 2018ರಲ್ಲಿ ಶುರುವಾದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಕೋಲಾರದ ಕೆರೆಗಳಿಗೆ ಬಿಡುತ್ತಾರೆ. ಇನ್ನೂ ಒಂದು ಹಂತ ಶುದ್ಧ ಮಾಡಬೇಕಿತ್ತು ಎಂಬ ತಕರಾರು ನ್ಯಾಯಾಲಯದವರೆಗೂ ಹೋಗಿತ್ತು, ಅದು ಹಗುರವಾದ ತಕರಾರಲ್ಲ. ಆದರೆ ಚಿಕ್ಕಪ್ಪನ ಬೋರಿನಲ್ಲಿ ನೀರು ಮೇಲೆ ಬಂದಿದೆ. ಮುಂಗಾರು ತಪ್ಪಿದರೂ ಬೆಂಗಳೂರಿನವರು ಸ್ನಾನ ತಪ್ಪಿಸುವುದಿಲ್ಲವಲ್ಲ ಎನ್ನುವುದು ಅವರ ಲೆಕ್ಕ.

"ಬೆಂಗಳೂರಿಗೆ ನೀರು ಎಲ್ಲಿಂದ ಬರುತ್ತೆ ಚಿಕ್ಕಪ್ಪ?" ಅಂತ ಹೋದ ಸಲ ಕೇಳಿದೆ.

"ಕಾವೇರಿಯಿಂದ. ಇನ್ನೆಲ್ಲಿಂದ?"

ಸ್ವಲ್ಪ ಹೊತ್ತು ಕೆರೆ ಕಡೆ ನೋಡಿದರು. ಆಮೇಲೆ ಫೋನು ನನ್ನ ಕೈಗಿಟ್ಟು, ಕೊಡಗಲ್ಲಿ ಈ ವಾರ ಮಳೆ ಹೇಗಿದೆ ನೋಡು ಅಂದರು.