ಬಲ್ಬಿಗಿಂತ ಮೊದಲು ವೈರು ನೋಡಿ

ಜೂನ್, ಜುಲೈ ರಾತ್ರಿಗಳಲ್ಲಿ ಮಡಿಕೇರಿಯಿಂದ ಸಂಪಾಜೆ ಘಾಟಿ ಇಳಿಯುವಾಗ ಮಳೆ, ಮಂಜು ಎರಡೂ ಒಟ್ಟಿಗೆ ಬಂದರೆ ಹಳೆಯ ಕಾರಿನ ಹೆಡ್‌ಲೈಟ್ ಏನೇನೂ ಸಾಲುವುದಿಲ್ಲ. ಜಾಸ್ತಿ ವ್ಯಾಟಿನ ಬಲ್ಬ್ ಹಾಕಿಸೋಣ ಅನ್ನಿಸುವುದು ಸಹಜ. ಆದರೆ ಮಂಕಾಗಿರುವುದಕ್ಕೆ ಕಾರಣ ಎಷ್ಟೋ ಸಲ ಬಲ್ಬ್ ಅಲ್ಲ, ಅಲ್ಲಿಗೆ ಹೋಗುವ ವೈರು.

ಲೆಕ್ಕ ಸುಲಭ. 55 ವ್ಯಾಟಿನ ಎರಡು ಬಲ್ಬ್ ಸುಮಾರು 9 ಆಂಪಿಯರ್ ಎಳೆಯುತ್ತವೆ. ಎಷ್ಟೋ ಹಳೆಯ ಗಾಡಿಗಳಲ್ಲಿ ಅಷ್ಟೂ ಕರೆಂಟು ಸ್ಟೇರಿಂಗ್ ಹತ್ತಿರದ ಸ್ವಿಚ್ಚಿನ ಮೂಲಕವೇ ಸುತ್ತಿ ಬರುತ್ತದೆ. ಕೊಡಗಿನ ತೇವಕ್ಕೆ ಕನೆಕ್ಟರುಗಳಲ್ಲಿ ಕಿಲುಬು ಹಿಡಿದಿರುತ್ತದೆ. ಈ ದಾರಿಯಲ್ಲಿ ಬರೀ 0.15 ಓಮ್ ತಡೆ ಇದ್ದರೂ 1.3 ವೋಲ್ಟಿಗಿಂತ ಜಾಸ್ತಿ ಅಲ್ಲೇ ಕಳೆದುಹೋಗುತ್ತದೆ. ಇದೇನು ಮಹಾ ಅನ್ನಬೇಡಿ. ಹ್ಯಾಲೊಜೆನ್ ಬಲ್ಬಿಗೆ ವೋಲ್ಟೇಜ್ ಶೇ 10ರಷ್ಟು ಇಳಿದರೆ ಬೆಳಕು ಸುಮಾರು ಶೇ 30ರಷ್ಟು ಇಳಿಯುತ್ತದೆ. ಬಲ್ಬಿನೊಳಗೆ ಉರಿಯುವ ತಂತಿಯ ಬಿಸಿ ಸ್ವಲ್ಪ ತಗ್ಗಿದರೂ ಕಣ್ಣಿಗೆ ಕಾಣುವ ಬೆಳಕು ಅದಕ್ಕಿಂತ ತುಂಬಾ ಬೇಗ ತಗ್ಗುತ್ತದೆ.

ಅದೇ ವೈರಿಗೆ 90 ವ್ಯಾಟಿನ ಎರಡು ಬಲ್ಬ್ ಸಿಕ್ಕಿಸಿದರೆ ಕರೆಂಟು 15 ಆಂಪಿಯರಿಗೆ ಹೋಗುತ್ತದೆ. ವೈರು ಬಿಸಿಯಾಗುವುದು ಕರೆಂಟಿನ ವರ್ಗಕ್ಕೆ, ಅಂದರೆ ಕರೆಂಟನ್ನು ಅದರಿಂದಲೇ ಗುಣಿಸಿದಷ್ಟಕ್ಕೆ ತಕ್ಕಂತೆ. ಇಲ್ಲಿ ಎರಡೂವರೆ ಪಟ್ಟಿಗಿಂತ ಜಾಸ್ತಿ ಬಿಸಿ. ಸ್ವಿಚ್ಚು ಕರಗುವುದು ಹೀಗೆಯೇ.

ಅದಕ್ಕೇ ರಿಲೇ ಹಾಕಿಸಿ. ಚೂರು ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಸ್ವಿಚ್ಚು ಅದು. ಆಗ ಸ್ವಿಚ್ಚಿನಲ್ಲಿ ಹರಿಯುವುದು ರಿಲೇ ಎಳೆಯಲು ಬೇಕಾದ ಚೂರು ಕರೆಂಟು ಮಾತ್ರ. ದೊಡ್ಡ ಕರೆಂಟು ಬ್ಯಾಟರಿಯಿಂದ ದಪ್ಪ ವೈರಿನಲ್ಲಿ ನೇರವಾಗಿ ಬಲ್ಬಿಗೆ ಬರುತ್ತದೆ. ಬ್ಯಾಟರಿ ಪಕ್ಕದಲ್ಲೇ ಫ್ಯೂಸ್ ಇರಲಿ, ಅರ್ಥ್ ವೈರೂ ಹೊಸದಾಗಲಿ. ಜೋಡಣೆಯನ್ನು ಸುಮ್ನೆ ತಿರುಚಿ ಟೇಪ್ ಸುತ್ತಿದರೆ ನಮ್ಮ ಮಳೆಗೆ ಅದು ಬಾಳುವುದಿಲ್ಲ. ಖರ್ಚು ಮಾಡಲು ಯೋಗ್ಯವಾದ ಕೆಲಸ ಅಂತ ನಾನು ಧೈರ್ಯವಾಗಿ ಹೇಳುವುದು ಇದನ್ನೇ.

ಹ್ಯಾಲೊಜೆನ್‌ಗಾಗಿ ಮಾಡಿದ ಹೆಡ್‌ಲೈಟಿಗೆ ಕಣ್ಣು ಕುಕ್ಕುವ ಎಲ್‌ಇಡಿ ಬಲ್ಬ್ ತುರುಕುವುದು ಬೇಡ. ಬೆಳಕು ಹುಟ್ಟುವ ಜಾಗ ಒಂದೆರಡು ಮಿಲಿಮೀಟರ್ ಆಚೀಚೆ ಆದರೂ ಅದು ಮೇಲಕ್ಕೆ ಚೆದುರುತ್ತದೆ. ಮಂಜಿನ ಹನಿಗಳಿಗೆ ಬಡಿದು ನಿಮ್ಮ ಕಣ್ಣಿಗೇ ವಾಪಸ್ ಬರುತ್ತದೆ. ಎದುರು ಬರುವವರ ಪಾಡು ಹೇಳುವುದೇ ಬೇಡ, ಅಲ್ವಾ?

ಲೈಟಿನ ಆಚೆಗೂ ಬೇಡದ ಖರ್ಚುಗಳಿವೆ. ಮೈಲೇಜ್ ಏರಿಸುತ್ತದೆ ಎನ್ನುವ ವೋಲ್ಟೇಜ್ ಸ್ಟೆಬಿಲೈಸರ್ ಡಬ್ಬಿ ದಂಡ. ವೋಲ್ಟೇಜನ್ನು ಹತೋಟಿಯಲ್ಲಿಡಲು ಆಲ್ಟರ್ನೇಟರಿನ (ಗಾಡಿಯಲ್ಲಿ ಕರೆಂಟು ಹುಟ್ಟಿಸುವ ಯಂತ್ರ) ರೆಗ್ಯುಲೇಟರ್ ಇದೆ, ಬ್ಯಾಟರಿಯೂ ಇದೆ. ಬಾನೆಟ್ ಒಳಗೆ ಬಯಲಾಗಿ ಕೂರುವ ಏರ್ ಫಿಲ್ಟರೂ ಅಷ್ಟೇ. ಅದು ಎಂಜಿನ್ ಪಕ್ಕದ ಬಿಸಿ ಗಾಳಿ ಎಳೆಯುತ್ತದೆ. 30 ಡಿಗ್ರಿಯ ಗಾಳಿ 60 ಡಿಗ್ರಿಗೆ ಕಾದರೆ ಅದರ ಸಾಂದ್ರತೆ ಸುಮಾರು ಶೇ 9ರಷ್ಟು ಕಡಿಮೆಯಾಗುತ್ತದೆ, ಅಂದರೆ ಎಂಜಿನ್ನಿಗೆ ಅಷ್ಟು ಕಡಿಮೆ ಗಾಳಿ ಸಿಗುತ್ತದೆ. ಕಂಪನಿಯವರು ಹೊರಗಿನ ತಣ್ಣನೆ ಗಾಳಿಗೆ ಪೈಪ್ ಕೊಟ್ಟಿರುವುದು ಅದಕ್ಕೇ.

ನಿಮ್ಮ ಗಾಡಿಗೆ ರಿಲೇ ಬೇಕೋ ಬೇಡವೋ ಎಂದು ತಿಳಿಯಲು ಮಲ್ಟಿಮೀಟರ್ ಸಾಕು. ಎಂಜಿನ್ ಚಾಲೂ ಮಾಡಿ, ಲೈಟ್ ಹಾಕಿ. ಮೊದಲು ಬ್ಯಾಟರಿಯ ಎರಡು ತುದಿಗಳಲ್ಲಿ, ಆಮೇಲೆ ಉರಿಯುತ್ತಿರುವ ಬಲ್ಬಿನ ಹಿಂದಿನ ಎರಡು ಪಿನ್ನುಗಳಲ್ಲಿ ವೋಲ್ಟೇಜ್ ಅಳೆಯಿರಿ. ವ್ಯತ್ಯಾಸ ಅರ್ಧ ವೋಲ್ಟಿನ ಒಳಗಿದ್ದರೆ ವೈರಿಂಗ್ ಮುಟ್ಟಬೇಡಿ. ಒಂದು ವೋಲ್ಟ್ ದಾಟಿದ್ದರೆ ಮಳೆಗಾಲಕ್ಕೆ ಮೊದಲೇ ಎಲೆಕ್ಟ್ರಿಷಿಯನ್ ಹತ್ತಿರ ಹೋಗಿ.