ಖುಲಾಸೆಯ ದಿನ ಬೀದಿಗಿಳಿದರೆ ತಡವಾಯಿತು

ಕೊಲೆ, ಅತ್ಯಾಚಾರದ ಆರೋಪಿ ಖುಲಾಸೆಯಾದ ಸುದ್ದಿ ಬಂತೆಂದರೆ ಅವತ್ತು ಸಂಜೆ ಮೊಬೈಲುಗಳಲ್ಲಿ ಓಡಾಡುವ ಮಾತು ಹೆಚ್ಚುಕಡಿಮೆ ಮೂರೇ. ಜಡ್ಜ್ ಸರಿಯಿಲ್ಲ. ವಕೀಲರು ದುಡ್ಡಿಗೆ ಮಾರಿಕೊಂಡರು. ಇಂಥವರನ್ನು ಅವತ್ತೇ ಗುಂಡಿಕ್ಕಿ ಮುಗಿಸಬೇಕಿತ್ತು. ಸಿಟ್ಟು ಬರುವುದು ಸಹಜ, ಬರಲೂ ಬೇಕು. ಆದರೆ ಹತ್ತು ವರ್ಷದ ಮೇಲೆ ತೀರ್ಪಿನಲ್ಲಿ ಕಾಣಿಸುವ ತೂತು ಬಹುಪಾಲು ಪ್ರಕರಣಗಳಲ್ಲಿ ಬಿದ್ದಿರುವುದು ಶವ ಸಿಕ್ಕ ಮೊದಲ ಎರಡು ವಾರಗಳಲ್ಲಿ. ಆ ಹದಿನೈದು ದಿನ ಠಾಣೆಯ ಬಾಗಿಲಲ್ಲಿ ನಿಂತು ಏನು ಕೇಳಬೇಕೆಂಬುದು ಜನರಿಗೆ ಗೊತ್ತಿದ್ದರೆ ಎಷ್ಟೋ ಕೇಸುಗಳ ಗತಿಯೇ ಬೇರೆಯಾಗುತ್ತಿತ್ತು.

ದೆಹಲಿಯ ಎರಡು ಪ್ರಕರಣಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಎರಡೂ 2012ರವು. ಫೆಬ್ರುವರಿಯಲ್ಲಿ ಛಾವ್ಲಾದ ಹತ್ತೊಂಬತ್ತರ ಯುವತಿಯನ್ನು ಕಾರಿನಲ್ಲಿ ಎತ್ತಿಕೊಂಡು ಹೋದರು. ಕೆಲವು ದಿನಗಳ ಮೇಲೆ ಹರಿಯಾಣದ ರೇವಾಡಿ ಜಿಲ್ಲೆಯ ಹೊಲವೊಂದರಲ್ಲಿ ಶವ ಸಿಕ್ಕಿತು. ಡಿಸೆಂಬರ್ 16ರ ರಾತ್ರಿ ಬಸ್ಸಿನಲ್ಲಿ ನಡೆದದ್ದು ಇಡೀ ದೇಶಕ್ಕೆ ಗೊತ್ತು. ಎರಡರಲ್ಲೂ ಕೆಳ ನ್ಯಾಯಾಲಯ ಗಲ್ಲು ವಿಧಿಸಿತು, ಎರಡನ್ನೂ ದೆಹಲಿ ಹೈಕೋರ್ಟ್ ಖಾಯಂ ಮಾಡಿತು. ಬಸ್ ಪ್ರಕರಣದ ನಾಲ್ವರು 2020ರ ಮಾರ್ಚ್ 20ರಂದು ಗಲ್ಲಿಗೇರಿದರು. ಛಾವ್ಲಾ ಪ್ರಕರಣದ ಮೂವರನ್ನು 2022ರ ನವೆಂಬರ್ 7ರಂದು ಸುಪ್ರೀಂ ಕೋರ್ಟ್ ಖುಲಾಸೆಗೊಳಿಸಿತು. ಮರುಪರಿಶೀಲನಾ ಅರ್ಜಿಯೂ ಮರುವರ್ಷ ವಜಾ ಆಯಿತು.

ಛಾವ್ಲಾ ತೀರ್ಪು ಓದಿದರೆ ಬೈಗುಳ ಯಾರಿಗೆ ಸಲ್ಲಬೇಕಿತ್ತೆಂದು ತಿಳಿಯುತ್ತದೆ. ಡಿಎನ್‌ಎ ಪರೀಕ್ಷೆಗೆಂದು ತೆಗೆದ ಮಾದರಿಗಳು ಫೆಬ್ರುವರಿ 16ರ ಹೊತ್ತಿಗೆ ಪೊಲೀಸರ ಕೈಯಲ್ಲಿದ್ದವು, ಪ್ರಯೋಗಾಲಯಕ್ಕೆ ಹೋದದ್ದು 27ಕ್ಕೆ. ನಡುವಿನ ಹನ್ನೊಂದು ದಿನ ಜಪ್ತಿ ವಸ್ತುಗಳನ್ನಿಡುವ ಠಾಣೆಯ ಮಾಲ್‌ಖಾನೆಯಲ್ಲಿ ಬಿದ್ದಿದ್ದವು. ಆ ಅವಧಿಯಲ್ಲಿ ಯಾರೂ ಅವನ್ನು ಮುಟ್ಟಿಲ್ಲವೆಂದು ಹೇಳಲು ಗಟ್ಟಿ ದಾಖಲೆ ಇರಲಿಲ್ಲ. ಆರೋಪಿಗಳನ್ನು ಸಾಕ್ಷಿಗಳಿಂದ ಗುರುತಿಸುವ ಪೆರೇಡ್ ನಡೆದಿರಲಿಲ್ಲ. 49 ಸಾಕ್ಷಿಗಳಲ್ಲಿ ಹತ್ತು ಮಂದಿಗೆ ಪಾಟೀ ಸವಾಲೇ (ಎದುರು ಪಕ್ಷದ ವಕೀಲರ ಪ್ರಶ್ನೆ) ಆಗಿರಲಿಲ್ಲ. ಬಸ್ ಪ್ರಕರಣದಲ್ಲಿ ಹದಿನೆಂಟು ದಿನಕ್ಕೆ ಚಾರ್ಜ್‌ಶೀಟ್ ಬಿತ್ತು, ಪ್ರಾಸಿಕ್ಯೂಷನ್ 85 ಸಾಕ್ಷಿಗಳನ್ನು ವಿಚಾರಿಸಿತು, ಸಂತ್ರಸ್ತೆಯ ಮೈಮೇಲಿನ ಹಲ್ಲಿನ ಗುರುತನ್ನು ಹೋಲಿಸಲು ನಮ್ಮ ಧಾರವಾಡದ ಎಸ್‌ಡಿಎಂ ದಂತ ವೈದ್ಯಕೀಯ ಕಾಲೇಜಿನ ತಜ್ಞರವರೆಗೆ ಹೋದರು. (ಹಲ್ಲಿನ ಗುರುತಿನ ವಿಜ್ಞಾನದ ಬಗ್ಗೆ ತಕರಾರುಗಳಿವೆ. ಇಲ್ಲಿ ಅದೊಂದನ್ನೇ ನೆಚ್ಚಿರಲಿಲ್ಲ.) ಊರು ಒಂದೇ, ವರ್ಷ ಒಂದೇ, ಪೊಲೀಸ್ ಇಲಾಖೆಯೂ ಒಂದೇ.

ಮಾದರಿ ಹಾಳಾಗುವುದು ಹೇಗೆ? ಸ್ವಾಬ್ (ಹತ್ತಿಯ ಕಡ್ಡಿಯಲ್ಲಿ ಒರೆಸಿದ ಮಾದರಿ) ತೆಗೆದ ಕೂಡಲೇ ನೆರಳಿನಲ್ಲಿ, ಬರೀ ಗಾಳಿಗೆ ಒಣಗಿಸಬೇಕು. ಹಸಿಹಸಿಯಾಗಿ ಪ್ಲಾಸ್ಟಿಕ್ ಕವರಿಗೆ ಹಾಕಿದರೆ ಬೂಷ್ಟು ಹಿಡಿಯುತ್ತದೆ, ಡಿಎನ್‌ಎ ಕೊಳೆಯುತ್ತದೆ. ರಕ್ತ ಹತ್ತಿದ ಬಟ್ಟೆಗೂ ಇದೇ ನಿಯಮ: ಒಣಗಿಸಿ, ಪ್ರತಿಯೊಂದನ್ನೂ ಬೇರೆ ಬೇರೆ ಕಾಗದದ ಲಕೋಟೆಯಲ್ಲಿ ಹಾಕಬೇಕು. ಆರೋಪಿಯ ಬಟ್ಟೆ, ಸಂತ್ರಸ್ತೆಯ ಬಟ್ಟೆ ಒಂದೇ ಚೀಲಕ್ಕೆ ಹೋದರೆ ಅಲ್ಲಿಗೆ ಮುಗಿಯಿತು. ಒಂದರ ಕಲೆ ಇನ್ನೊಂದಕ್ಕೆ ಎಲ್ಲಿ ಹತ್ತಿತು ಎಂಬ ಪ್ರಶ್ನೆಗೆ ಉತ್ತರವಿರುವುದಿಲ್ಲ. ಲಕೋಟೆಯ ಮೇಲೆ ಪಂಚರ (ಜಪ್ತಿಗೆ ಸಾಕ್ಷಿಯಾಗಿ ನಿಂತವರ) ಸಹಿಯ ಚೀಟಿ, ಅರಗಿನ ಮುದ್ರೆ. ಅದೇ ಮುದ್ರೆಯ ನಮೂನೆ ಪ್ರತ್ಯೇಕ ಕಾಗದದ ಮೇಲೆ ವಿಧಿವಿಜ್ಞಾನ ಪ್ರಯೋಗಾಲಯವಾದ ಎಫ್‌ಎಸ್‌ಎಲ್‌ಗೆ ಹೋಗಬೇಕು, ಅಲ್ಲಿಯವರು ಎರಡನ್ನೂ ಹೋಲಿಸಿದ ಮೇಲೇ ಲಕೋಟೆ ಒಡೆಯಬೇಕು. ಠಾಣೆಯಲ್ಲಿ ಪಿ.ಎಫ್. ಸಂಖ್ಯೆ (ಜಪ್ತಿ ವಸ್ತುವಿನ ನೋಂದಣಿ ಸಂಖ್ಯೆ) ಬೀಳಬೇಕು. ಯಾವ ಪೇದೆ ಯಾವ ದಿನ ಎಷ್ಟು ಗಂಟೆಗೆ ಒಯ್ದ, ಯಾರಿಗೆ ಕೊಟ್ಟ, ಎಲ್ಲವೂ ಪುಸ್ತಕದಲ್ಲಿರಬೇಕು, ಆ ಪೇದೆ ಕಟಕಟೆಗೆ ಬಂದು ಹೇಳಲೂಬೇಕು. ಎಷ್ಟೋ ಕೇಸುಗಳಲ್ಲಿ ಆ ಪೇದೆಯ ಹೆಸರು ಸಾಕ್ಷಿ ಪಟ್ಟಿಯಲ್ಲೇ ಇರುವುದಿಲ್ಲ. ತಮಿಳುನಾಡಿನ ಪ್ರಕರಣವೊಂದರಲ್ಲಿ ಗಲ್ಲುಶಿಕ್ಷೆಯ ಕೈದಿಯನ್ನು ಬಿಡುಗಡೆ ಮಾಡುತ್ತಾ 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಇದಕ್ಕೊಂದು ಗಡುವನ್ನೇ ಹಾಕಿತು: ಡಿಎನ್‌ಎ ಮಾದರಿ 48 ಗಂಟೆಯೊಳಗೆ ಪ್ರಯೋಗಾಲಯ ಮುಟ್ಟಬೇಕು, ಕೈಯಿಂದ ಕೈಗೆ ದಾಟಿದ್ದಕ್ಕೆ ಪ್ರತ್ಯೇಕ ರಿಜಿಸ್ಟರ್ ಇಡಬೇಕು, ನ್ಯಾಯಾಲಯದ ಅನುಮತಿಯಿಲ್ಲದೆ ಲಕೋಟೆ ತೆರೆಯಬಾರದು. ಪ್ರತಿಭಟನೆಗೆ ಹೊರಟವರು ಕೇಳಬಹುದಾದ ಮೊದಲ ಪ್ರಶ್ನೆ ಇಲ್ಲೇ ಸಿಕ್ಕಿತಲ್ಲ. ಮಾದರಿ ಎಫ್‌ಎಸ್‌ಎಲ್‌ಗೆ ಹೋಯಿತೇ, ಯಾವ ದಿನ?

ಮಹಜರಿನದು, ಅಂದರೆ ಸ್ಥಳದಲ್ಲಿ ಕಂಡದ್ದನ್ನು, ಜಪ್ತಿ ಮಾಡಿದ್ದನ್ನು ಪಂಚರ ಮುಂದೆ ಬರೆದಿಡುವ ದಾಖಲೆಯದು, ಇನ್ನೊಂದು ಕಥೆ. ಪಂಚ ಕಟಕಟೆಗೆ ಬಂದು ಸಹಿ ತನ್ನದೇ ಎಂದು ಒಪ್ಪುತ್ತಾನೆ. ಆರೋಪಿ ಪರ ವಕೀಲರು ಕೇಳುತ್ತಾರೆ: ಸಹಿ ಎಲ್ಲಿ ಹಾಕಿದಿರಿ? ‘ಸ್ಟೇಷನ್ನಿನಲ್ಲಿ, ಸ್ವಾಮಿ.’ ಚಾಕು ಯಾರು ತೆಗೆದುಕೊಟ್ಟರು? ‘ನಾನು ನೋಡಲಿಲ್ಲ, ಟೇಬಲ್ ಮೇಲಿತ್ತು.’ ಇಷ್ಟಾದರೆ ಚಾಕುವಿನ ಕಥೆಗೆ ಬಲವಿಲ್ಲ. ಟಿವಿಯಲ್ಲಿ ‘ತಪ್ಪೊಪ್ಪಿಕೊಂಡ ಹಂತಕ’ ಎಂದು ದಪ್ಪಕ್ಷರದಲ್ಲಿ ಬಂದದ್ದಕ್ಕಂತೂ ನ್ಯಾಯಾಲಯದಲ್ಲಿ ಕಿಮ್ಮತ್ತೇ ಇಲ್ಲ. ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆ ಸಾಕ್ಷ್ಯವಾಗುವುದಿಲ್ಲ. ಹಳೆಯ ಸಾಕ್ಷ್ಯ ಕಾಯ್ದೆಯಲ್ಲೂ ಹಾಗೇ ಇತ್ತು, ಈಗಿನ ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಕಲಮೂ ಅದನ್ನೇ ಹೇಳುತ್ತದೆ. ಒಪ್ಪುವುದು ಒಂದು ತುಣುಕನ್ನು ಮಾತ್ರ: ಆರೋಪಿ ಕೊಟ್ಟ ಮಾಹಿತಿಯಿಂದ ಹೊಸದಾಗಿ ಏನಾದರೂ ಪತ್ತೆಯಾಗಿದ್ದರೆ, ಆ ಪತ್ತೆಗೆ ನೇರ ಸಂಬಂಧಿಸಿದ ಮಾತಷ್ಟೇ. ಆದ್ದರಿಂದಲೇ ಪಂಚರು ನಿಜಕ್ಕೂ ಸ್ಥಳಕ್ಕೆ ಹೋಗಿದ್ದರೇ ಎಂಬುದು ಅಷ್ಟು ಮುಖ್ಯ. 2024ರ ಜುಲೈ 1ರಿಂದ ಜಾರಿಯಲ್ಲಿರುವ ನಾಗರಿಕ ಸುರಕ್ಷಾ ಸಂಹಿತೆಯ (ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಬದಲಿಗೆ ಬಂದದ್ದು) 105ನೇ ಕಲಮು ಶೋಧ, ಜಪ್ತಿಯನ್ನು ಆಡಿಯೋ-ವಿಡಿಯೋ ಮಾಡಬೇಕೆನ್ನುತ್ತದೆ. ವಿಡಿಯೋ ಇದ್ದರೆ ಪಂಚ ತಿರುಗಿಬಿದ್ದರೂ ಕೇಸು ನಿಲ್ಲಬಹುದು. ಎರಡನೇ ಪ್ರಶ್ನೆ ಅದು: ಜಪ್ತಿಯ ವಿಡಿಯೋ ಆಗಿದೆಯೇ?

ಇನ್ನು ಜನರ ಸಿಟ್ಟೇ ಕೇಸನ್ನು ಕೆಡಿಸುವ ಬಗೆ. ಆರೋಪಿ ಸಿಕ್ಕಿಬಿದ್ದ ಅರ್ಧ ಗಂಟೆಯಲ್ಲಿ ಅವನ ಫೋಟೊ ಊರೂರಿನ ವಾಟ್ಸ್‌ಆ್ಯಪ್ ಗುಂಪುಗಳಲ್ಲಿರುತ್ತದೆ. ಕೃತ್ಯ ನೋಡಿದ ಅಪರಿಚಿತ ಸಾಕ್ಷಿ ಜೈಲಿನಲ್ಲಿ ಸಾಲಾಗಿ ನಿಂತವರ ನಡುವೆ ಅವನನ್ನು ಗುರುತಿಸಿದರೆ ಅದಕ್ಕೆ ತೂಕ. ಮೊದಲೇ ಫೋಟೊ ನೋಡಿಬಿಟ್ಟಿದ್ದಾನೆಂದು ಪಾಟೀ ಸವಾಲಿನಲ್ಲಿ ಹೊರಬಿದ್ದರೆ ಆ ಗುರುತಿಸುವಿಕೆ ನೀರುಪಾಲು. ಮುಖಕ್ಕೆ ಬಟ್ಟೆ ಕಟ್ಟಿ ಕರೆತರುವುದನ್ನು ಕಂಡು ‘ಪಾಪಿಗೆ ಯಾಕೆ ಮರ್ಯಾದೆ’ ಎಂದು ಕೂಗುತ್ತೇವೆ. ಆ ಬಟ್ಟೆ ಇರುವುದು ಕೇಸಿನ ರಕ್ಷಣೆಗೆ. ಅತ್ಯಾಚಾರ ಸಂತ್ರಸ್ತೆಯ ಹೆಸರು, ಫೋಟೊ ಹಂಚುವುದಂತೂ ಸ್ವತಃ ಅಪರಾಧ. ಭಾರತೀಯ ನ್ಯಾಯ ಸಂಹಿತೆಯ 72ನೇ ಕಲಮಿನಡಿ ಎರಡು ವರ್ಷದವರೆಗೆ ಜೈಲು. ‘ನ್ಯಾಯ ಸಿಗಲಿ’ ಎಂಬ ಪೋಸ್ಟರಿಗೂ ವಿನಾಯಿತಿಯಿಲ್ಲ.

ನಿಮ್ಮ ಅಂಗಡಿಯ ಸಿಸಿಟಿವಿಯಲ್ಲೋ ಮೊಬೈಲಿನಲ್ಲೋ ಏನಾದರೂ ದಾಖಲಾಗಿದ್ದರೆ ಫಾರ್ವರ್ಡ್ ಮಾಡಲು ಹೋಗಬೇಡಿ. ಫಾರ್ವರ್ಡ್ ಆದ ಪ್ರತಿ ಕುಗ್ಗಿರುತ್ತದೆ, ಮೂಲದ ದಿನಾಂಕ-ಸಮಯದ ವಿವರ ಕಳೆದುಕೊಂಡಿರುತ್ತದೆ. ಸಿಸಿಟಿವಿ ದೃಶ್ಯ ತುಂಬಿಕೊಳ್ಳುವ ಬಹಳಷ್ಟು ಡಿವಿಆರ್‌ಗಳು ಡಿಸ್ಕ್ ತುಂಬಿದೊಡನೆ ಹಳೆಯದನ್ನು ಅಳಿಸಿಕೊಂಡು ಮೇಲೆ ಬರೆಯುತ್ತವೆ, ಹಾಗಾಗಿ ಮೊದಲು ಅದನ್ನು ನಿಲ್ಲಿಸಿ. ಪರದೆಯ ಗಡಿಯಾರಕ್ಕೂ ನಿಜವಾದ ಗಡಿಯಾರಕ್ಕೂ ಎಷ್ಟು ನಿಮಿಷ ವ್ಯತ್ಯಾಸವಿದೆಯೆಂದು ಬರೆದಿಟ್ಟುಕೊಳ್ಳಿ. ತನಿಖಾಧಿಕಾರಿ ಡಿವಿಆರ್ ಒಯ್ದರೆ ಜಪ್ತಿ ಮಹಜರಿನ ಪ್ರತಿ ಕೇಳಿ. ಪ್ರತಿ ಮಾಡಿಕೊಂಡರೆ ಸಾಕ್ಷ್ಯ ಅಧಿನಿಯಮದ 63(4)ರ ಪ್ರಮಾಣಪತ್ರ ಬೇಕು: ಎ ಭಾಗಕ್ಕೆ ಸಾಧನದ ಉಸ್ತುವಾರಿಯ ಸಹಿ, ಬಿ ಭಾಗಕ್ಕೆ ತಜ್ಞರ ಸಹಿ, ಎರಡರಲ್ಲೂ ಹ್ಯಾಷ್ ಸಂಖ್ಯೆ (ಕಡತ ಒಂಚೂರು ತಿದ್ದಿದರೂ ಬದಲಾಗುವ ಗುರುತಿನ ಸಂಖ್ಯೆ). ಈ ಹಾಳೆಯಿಲ್ಲದೆ ಇಡೀ ಜಗತ್ತು ನೋಡಿದ ವಿಡಿಯೋವನ್ನೂ ನ್ಯಾಯಾಲಯ ನೋಡದೇ ಹೋಗಬಹುದು.

ಜಾಮೀನಿನ ಸುದ್ದಿಗೆ ಬರುವ ಸಿಟ್ಟೂ ಹೀಗೇ ದಾರಿ ತಪ್ಪುತ್ತದೆ. ಮರಣದಂಡನೆ, ಜೀವಾವಧಿ ಅಥವಾ ಹತ್ತು ವರ್ಷ ಮತ್ತು ಮೇಲ್ಪಟ್ಟ ಶಿಕ್ಷೆಯ ಅಪರಾಧಗಳಲ್ಲಿ 90 ದಿನ, ಉಳಿದವಕ್ಕೆ 60 ದಿನ. ಅಷ್ಟರೊಳಗೆ ಚಾರ್ಜ್‌ಶೀಟ್ ಬೀಳದಿದ್ದರೆ ಜಾಮೀನು ಆರೋಪಿಯ ಹಕ್ಕು. ಲೆಕ್ಕ ಶುರುವಾಗುವುದು ಬಂಧನದ ದಿನದಿಂದಲ್ಲ, ಮ್ಯಾಜಿಸ್ಟ್ರೇಟ್ ರಿಮಾಂಡ್ ಕೊಟ್ಟ ದಿನದಿಂದ, ಆ ದಿನವೂ ಸೇರಿ. 91ನೇ ದಿನ ಬೆಳಗ್ಗೆ ಅರ್ಜಿ ಬಿದ್ದರೆ ಜಡ್ಜ್ ಕೊಡದೆ ವಿಧಿಯಿಲ್ಲ. ‘ಎಫ್‌ಎಸ್‌ಎಲ್ ವರದಿ ಬಂದಿರಲಿಲ್ಲ’ ಎಂಬ ಇಲಾಖೆಯ ಸಬೂಬನ್ನು ಒಪ್ಪಬೇಡಿ. ಚಾರ್ಜ್‌ಶೀಟ್ ಹಾಕಿ ವರದಿಯನ್ನು ಆಮೇಲೆ ಹೆಚ್ಚುವರಿಯಾಗಿ ಸಲ್ಲಿಸಲು ದಾರಿಯಿದೆ.

‘ಅವನ ಪರ ಯಾರೂ ವಕಾಲತ್ತು ಹಾಕಬಾರದು’ ಎಂದು ವಕೀಲರ ಸಂಘವೇ ನಿರ್ಣಯ ಮಾಡಿದಾಗ ಊರೆಲ್ಲ ಚಪ್ಪಾಳೆ ತಟ್ಟುತ್ತದೆ. ಇಂಥ ನಿರ್ಣಯ ಕಾನೂನುಬಾಹಿರವೆಂದು ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ. ತತ್ವದ ಮಾತು ಹಾಗಿರಲಿ, ಬರೀ ಲಾಭನಷ್ಟ ನೋಡಿ. ಸರಿಯಾದ ಪಾಟೀ ಸವಾಲು ನಡೆಯದ ವಿಚಾರಣೆಯಲ್ಲಿ ಬಂದ ಶಿಕ್ಷೆ ಮೇಲ್ಮನವಿಯಲ್ಲಿ ಅಲುಗಾಡುತ್ತದೆ. ಛಾವ್ಲಾದ ಆ ಹತ್ತು ಸಾಕ್ಷಿಗಳೇ ಇದಕ್ಕೆ ಸಾಕ್ಷಿ. ಆರೋಪಿಗೆ ಒಳ್ಳೆಯ ವಕೀಲರಿರುವುದು ಸಂತ್ರಸ್ತರ ಮನೆಯವರಿಗೇ ಕ್ಷೇಮ.

ಗುಂಡಿಕ್ಕುವ ಮಾತಿಗೆ ಬರೋಣ. 2019ರ ಡಿಸೆಂಬರ್ 6ರ ಬೆಳಗಿನ ಜಾವ ಹೈದರಾಬಾದ್ ಹೊರವಲಯದಲ್ಲಿ ಪಶುವೈದ್ಯೆಯ ಹತ್ಯೆಯ ನಾಲ್ವರು ಆರೋಪಿಗಳನ್ನು ಪೊಲೀಸರು ಕೊಂದರು. ಜನ ಪೊಲೀಸರ ಮೇಲೆ ಹೂ ಸುರಿದರು. ಆಗಿನ ಸೈಬರಾಬಾದ್ ಕಮಿಷನರ್ ಹುಬ್ಬಳ್ಳಿ ಮೂಲದವರಾಗಿದ್ದರಿಂದ ನಮ್ಮ ಕಡೆ ಸಂಭ್ರಮ ಇನ್ನೊಂದು ಕೈ ಹೆಚ್ಚೇ ಇತ್ತು. ಸುಪ್ರೀಂ ಕೋರ್ಟ್ ನೇಮಿಸಿದ ನ್ಯಾಯಮೂರ್ತಿ ಸಿರ್ಪುರ್ಕರ್ ಆಯೋಗದ ವರದಿ 2022ರ ಮೇ ತಿಂಗಳಲ್ಲಿ ಹೊರಬಂತು: ಕೊಲ್ಲುವ ಉದ್ದೇಶದಿಂದಲೇ ಗುಂಡು ಹಾರಿಸಲಾಗಿದೆ, ಸತ್ತವರಲ್ಲಿ ಮೂವರು ಅಪ್ರಾಪ್ತರು, ಹತ್ತು ಪೊಲೀಸರನ್ನು ಕೊಲೆ ಆರೋಪದಡಿ ವಿಚಾರಣೆಗೊಳಪಡಿಸಬೇಕು. (ಕಮಿಷನರ್ ಆ ಹತ್ತರಲ್ಲಿಲ್ಲ.) ಹೂ ಸುರಿದವರಲ್ಲಿ ಎಷ್ಟು ಮಂದಿ ಆ ವರದಿ ಓದಿದರೋ. ಅತ್ತ ವೈದ್ಯೆಯ ಕೊಲೆಯ ಸಾಕ್ಷ್ಯ ಯಾವ ಕಟಕಟೆಯಲ್ಲೂ ಪರೀಕ್ಷೆಯಾಗಲಿಲ್ಲ. ಹಿಡಿದವರೇ ಅಪರಾಧಿಗಳೆಂಬುದಕ್ಕೆ ಕೊನೆಗೂ ಉಳಿದದ್ದು ಪೊಲೀಸರ ಮಾತೊಂದೇ.

ಹಾಗಾದರೆ ಮಾಡಬೇಕಾದ್ದೇನು? ಎಫ್‌ಐಆರ್ ಪ್ರತಿ ದೂರುದಾರರಿಗೆ ಉಚಿತ. ಠಾಣೆಯಲ್ಲಿ ದೂರು ತೆಗೆದುಕೊಳ್ಳದಿದ್ದರೆ ಎಸ್‌ಪಿಗೆ ಲಿಖಿತವಾಗಿ ಕೊಡಿ. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ಮುಂದೆ ಅರ್ಜಿ. ತನಿಖೆ ಎಲ್ಲಿಗೆ ಬಂತೆಂದು 90 ದಿನದೊಳಗೆ ದೂರುದಾರರಿಗೆ ಅಥವಾ ಸಂತ್ರಸ್ತರಿಗೆ ತಿಳಿಸುವುದು ನಾಗರಿಕ ಸುರಕ್ಷಾ ಸಂಹಿತೆಯ 193ನೇ ಕಲಮಿನ ಪ್ರಕಾರ ಪೊಲೀಸರ ಕರ್ತವ್ಯ. ಬಾಯಿಮಾತಿಗೆ ಒಪ್ಪದೆ ಬರವಣಿಗೆಯಲ್ಲಿ ಕೇಳಿ. ಮುಖ್ಯ ಸಾಕ್ಷಿಗಳ ಹೇಳಿಕೆಯನ್ನು 183ನೇ ಕಲಮಿನಡಿ ಮ್ಯಾಜಿಸ್ಟ್ರೇಟ್ ಮುಂದೆ ದಾಖಲಿಸಿ ಎಂದು ಮೊದಲ ವಾರದಲ್ಲೇ ಒತ್ತಾಯಿಸಿ. ಪೊಲೀಸರು ಬರೆದುಕೊಳ್ಳುವ ಹೇಳಿಕೆಗೆ ಸಾಕ್ಷಿಯ ಸಹಿ ಇರುವುದಿಲ್ಲ, ನಾಳೆ ‘ನಾನು ಹಾಗೆ ಹೇಳಿಯೇ ಇಲ್ಲ’ ಎನ್ನುವುದು ಸುಲಭ. ಬೆದರಿಕೆಯಿದ್ದರೆ ಸಾಕ್ಷಿ ಸಂರಕ್ಷಣಾ ಯೋಜನೆಯಡಿ ರಕ್ಷಣೆ ಕೇಳಬಹುದು. ವಿಚಾರಣೆ ಶುರುವಾದ ಮೇಲೆ ಪ್ರತಿ ಕೇಸಿಗೂ ಇರುವ 16 ಅಂಕಿ-ಅಕ್ಷರಗಳ ಸಿಎನ್‌ಆರ್ ಸಂಖ್ಯೆ ಹಾಕಿದರೆ ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಮುಂದಿನ ದಿನಾಂಕ ಸಿಗುತ್ತದೆ. ಮೊದಲ ದಿನ ಮೆರವಣಿಗೆಗೆ ಬಂದ ಸಾವಿರ ಮಂದಿಯಲ್ಲಿ ಇಬ್ಬರು ಸಾಕ್ಷಿಯ ದಿನ ನ್ಯಾಯಾಲಯದ ಹಾಲ್‌ನಲ್ಲಿ ಕೂತರೂ ಹೆದರಿದ ಸಾಕ್ಷಿಗೆ ಧೈರ್ಯ. ಸರ್ಕಾರಿ ಅಭಿಯೋಜಕರ ಮೇಜಿನ ಮೇಲೆ ರಾಶಿ ಕಡತಗಳಿರುತ್ತವೆ; ಅವರಿಗೆ ನೆರವಾಗಲು ಸಂತ್ರಸ್ತರು ತಮ್ಮದೇ ವಕೀಲರನ್ನಿಡಲು ನ್ಯಾಯಾಲಯ ಅನುಮತಿಸಬಹುದು. ವಿಚಾರಿಸಬೇಕಿದ್ದ ಸಾಕ್ಷಿಯನ್ನು ಬಿಟ್ಟಿದ್ದರೆ 348ನೇ ಕಲಮಿನಡಿ ಕರೆಸುವ ಅರ್ಜಿ ಹಾಕಲು ನೆನಪಿಸುವವರು ಆ ವಕೀಲರೇ.

ಖುಲಾಸೆಯೇ ಆಗಿಬಿಟ್ಟರೆ? ಸರ್ಕಾರ ಮೇಲ್ಮನವಿ ಹೋಗಲೆಂದು ಕಾಯಬೇಕಿಲ್ಲ. ಸಂತ್ರಸ್ತರೇ ಮೇಲ್ಮನವಿ ಸಲ್ಲಿಸಬಹುದು, ಅದಕ್ಕೆ ಸರ್ಕಾರದಂತೆ ಹೈಕೋರ್ಟಿನ ಅನುಮತಿ ಕೇಳುವ ಅಗತ್ಯವೂ ಇಲ್ಲ. ಇದನ್ನು 2018ರಲ್ಲಿ ಸುಪ್ರೀಂ ಕೋರ್ಟ್ ಖಚಿತಪಡಿಸಿದ್ದು ಕರ್ನಾಟಕದಿಂದ ಹೋದ ಕೊಡಗಲಿ ಪ್ರಕರಣದಲ್ಲಿ. ‘ಮರುತನಿಖೆ’ಯ ಕೂಗು ಬೇರೆ ವಿಷಯ. ಧರ್ಮಸ್ಥಳದ ಬಳಿ 2012ರ ಅಕ್ಟೋಬರಿನಲ್ಲಿ ನಡೆದ ವಿದ್ಯಾರ್ಥಿನಿಯ ಕೊಲೆ ಪ್ರಕರಣದಲ್ಲಿ ಬೆಂಗಳೂರಿನ ಸಿಬಿಐ ವಿಶೇಷ ನ್ಯಾಯಾಲಯ 2023ರ ಜೂನಿನಲ್ಲಿ ಆರೋಪಿಯನ್ನು ಖುಲಾಸೆಗೊಳಿಸಿದಾಗಿನಿಂದ ಆ ಕೂಗು ಕೇಳುತ್ತಲೇ ಇದೆ. ವಿಚಾರಣೆ ಮುಗಿದ ಕೇಸಿನ ಕಡತವನ್ನು ಠಾಣೆಯವರು ತಾವಾಗಿ ತೆರೆಯಲಾರರು, ಮೇಲಿನ ನ್ಯಾಯಾಲಯದ ಆದೇಶ ಬೇಕು. ಬಂದರೂ 2012ರಲ್ಲೇ ತೆಗೆಯಬೇಕಿದ್ದ ಸ್ವಾಬನ್ನು, ಅಂದಿನ ಮೊಬೈಲ್ ಟವರ್ ದಾಖಲೆಯನ್ನು ಹೊಸ ತನಿಖಾಧಿಕಾರಿ ಎಲ್ಲಿಂದ ತರಬೇಕು?

ಇದಕ್ಕಿಂತ ಕೈಗೆಟುಕುವ, ಯಾರೂ ಕೇಳದ ಬೇಡಿಕೆಯೊಂದಿದೆ. ಗುಜರಾತಿನ ಬಾಲಕಿಯೊಬ್ಬಳ ಅತ್ಯಾಚಾರ-ಕೊಲೆಯ ಕೇಸು ತನಿಖೆಯ ಲೋಪಗಳಿಂದ ಬಿದ್ದುಹೋದಾಗ, 2014ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಎಲ್ಲ ರಾಜ್ಯಗಳಿಗೂ ನಿರ್ದೇಶನ ಕೊಟ್ಟಿತು: ಹಿರಿಯ ಪೊಲೀಸ್ ಮತ್ತು ಅಭಿಯೋಜನಾ ಅಧಿಕಾರಿಗಳ ಸ್ಥಾಯಿ ಸಮಿತಿ ಇರಬೇಕು, ಅದು ಪ್ರತಿ ಖುಲಾಸೆಯ ತೀರ್ಪನ್ನೂ ಓದಿ ತಪ್ಪು ಯಾರದೆಂದು ದಾಖಲಿಸಬೇಕು, ಹೊಣೆಗಾರರಾದ ಅಧಿಕಾರಿಗಳ ಮೇಲೆ ಇಲಾಖಾ ಕ್ರಮವಾಗಬೇಕು. ನಿಮ್ಮ ಜಿಲ್ಲೆಯಲ್ಲಿ ಆ ಸಮಿತಿ ಕಳೆದ ವರ್ಷ ಎಷ್ಟು ಬಾರಿ ಸೇರಿತು, ಎಷ್ಟು ಖುಲಾಸೆಗಳನ್ನು ಪರಿಶೀಲಿಸಿತು, ಎಷ್ಟು ತನಿಖಾಧಿಕಾರಿಗಳ ಮೇಲೆ ಕ್ರಮಕ್ಕೆ ಶಿಫಾರಸು ಮಾಡಿತು? ಮಾಹಿತಿ ಹಕ್ಕಿನಡಿ ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಇಟ್ಟು ಎಸ್‌ಪಿ ಕಚೇರಿಯ ಮಾಹಿತಿ ಅಧಿಕಾರಿಗೆ ಈ ಮೂರೂ ಪ್ರಶ್ನೆಗಳನ್ನು ಕಳಿಸಿ. ಉತ್ತರಕ್ಕೆ 30 ದಿನ ಗಡುವು; ಬರದಿದ್ದರೆ ಅಲ್ಲಿಂದ 30 ದಿನದೊಳಗೆ ಮೊದಲ ಮೇಲ್ಮನವಿ.