ವೈಫೈ ಬರ್ತಿಲ್ಲ ಅಂದ್ರೆ ಬರದೇ ಇರೋದು ಯಾವುದು?

ಅಣ್ಣನ ಮಗಳ ಹಳೆಯ ಲ್ಯಾಪ್‌ಟಾಪಿಗೆ ವಿಂಡೋಸ್ ಥರದ್ದೇ ಇನ್ನೊಂದು ಆಪರೇಟಿಂಗ್ ಸಿಸ್ಟಮ್ ಆದ ಡೆಬಿಯನ್ ಲಿನಕ್ಸ್ ಹಾಕಿಕೊಟ್ಟಿದ್ದೆ. ಎಲ್ಲ ಸರಿಯಾಗಿತ್ತು, ವೈಫೈ ಒಂದು ಬಿಟ್ಟು. ಅಕ್ಕಪಕ್ಕದ ಮನೆಯವರದ್ದಿರಲಿ, ನಮ್ಮ ರೂಟರಿನ ಹೆಸರೇ ಪಟ್ಟಿಯಲ್ಲಿಲ್ಲ. "ಚಿಕ್ಕಪ್ಪ, ಕಾರ್ಡ್ ಹೋಯ್ತಾ?" ಅಂದಳು.

ಕಾರ್ಡ್ ಅಷ್ಟು ಸುಲಭಕ್ಕೆ ಹೋಗುವುದಿಲ್ಲ. ಟರ್ಮಿನಲ್‌ನಲ್ಲಿ 'ಎಲ್‌ಎಸ್‌ಪಿಸಿಐ' ಎಂದು ಕೊಟ್ಟೆ. ಒಳಗಿರುವ ಸಾಮಾನುಗಳ ಪಟ್ಟಿಯಲ್ಲಿ ವೈಫೈ ಕಾರ್ಡೂ ಇತ್ತು. ಆಮೇಲೆ 'ಆರ್‌ಎಫ್‌ಕಿಲ್ ಲಿಸ್ಟ್'. ರೇಡಿಯೊ ಆಫ್ ಆಗಿದೆಯಾ ಅಂತ ಇದು ಹೇಳುತ್ತದೆ. 'ಸಾಫ್ಟ್ ಬ್ಲಾಕ್' ಆಗಿದ್ದರೆ ಕಮಾಂಡ್ ಕೊಟ್ಟು ತೆಗೆಯಬಹುದು. 'ಹಾರ್ಡ್ ಬ್ಲಾಕ್' ಸಾಮಾನ್ಯವಾಗಿ ಲ್ಯಾಪ್‌ಟಾಪಿನ ಅಂಚಿನ ಪುಟ್ಟ ಸ್ವಿಚ್ಚಿನ ಕೆಲಸ, ಅದಕ್ಕೆ ಬೆರಳೇ ಬೇಕು. ನಮ್ಮಲ್ಲಿ ಎರಡೂ ಇರಲಿಲ್ಲ.

ಉತ್ತರ ಸಿಕ್ಕಿದ್ದು ಲಿನಕ್ಸಿನ ತಿರುಳಾದ ಕರ್ನಲ್ ಬರೆದಿಟ್ಟ ಲಾಗ್‌ನಲ್ಲಿ: ಫರ್ಮ್‌ವೇರ್ ಲೋಡ್ ಆಗಲಿಲ್ಲ, ಎರರ್ -2. ಆ -2 ನೋಡಿ ಹೆದರಬೇಕಿಲ್ಲ. 'ಅಂಥ ಫೈಲೇ ಇಲ್ಲಿಲ್ಲ' ಅಂತ ಅಷ್ಟೇ.

ವೈಫೈ ಚಿಪ್ ಅಂದರೆ ಅದೇ ಒಂದು ಸಣ್ಣ ಕಂಪ್ಯೂಟರ್. ಅದನ್ನು ನಡೆಸುವ ಪ್ರೋಗ್ರಾಮೇ ಫರ್ಮ್‌ವೇರ್. ಅದು ಎಷ್ಟೋ ಚಿಪ್‌ಗಳ ಒಳಗೆ ಇರುವುದೇ ಇಲ್ಲ. ಪ್ರತಿ ಸಲ ಕಂಪ್ಯೂಟರ್ ಆನ್ ಆದಾಗ, ಕಾರ್ಡನ್ನು ಲಿನಕ್ಸಿಗೆ ಜೋಡಿಸುವ ಡ್ರೈವರ್ ಎಂಬ ತಂತ್ರಾಂಶ ಆ ಫೈಲನ್ನು ಡಿಸ್ಕಿನಿಂದ ತೆಗೆದು ಚಿಪ್‌ಗೆ ತುಂಬಬೇಕು. ಡ್ರೈವರ್ ಮುಕ್ತ ತಂತ್ರಾಂಶವೇ ಇರಬಹುದು, ಆದರೆ ಫರ್ಮ್‌ವೇರಿನ ಸೋರ್ಸ್ ಕೋಡನ್ನು ಕಂಪನಿಗಳು ಸಾಮಾನ್ಯವಾಗಿ ಕೊಡುವುದಿಲ್ಲ. ಹಾಗಾಗಿ ಮುಕ್ತ ತಂತ್ರಾಂಶವನ್ನಷ್ಟೇ ಕೊಡುವ ನಿಯಮವಿದ್ದ ಡೆಬಿಯನ್ ಬಹಳ ವರ್ಷ ಇಂಥ ಫೈಲುಗಳನ್ನು ತನ್ನ ಅಧಿಕೃತ ಇನ್‌ಸ್ಟಾಲರಿನಿಂದ ಹೊರಗಿಟ್ಟಿತ್ತು. 2022ರಲ್ಲಿ ಅದರ ಡೆವಲಪರ್‌ಗಳು ಮತ ಹಾಕಿ ಆ ನಿಯಮ ಬದಲಿಸಿದರು. 2023ರ ಜೂನ್‌ನಲ್ಲಿ ಬಂದ 12ನೇ ಆವೃತ್ತಿಯಿಂದ ಫರ್ಮ್‌ವೇರ್ ಜೊತೆಗೇ ಬರುತ್ತದೆ. ನಾನು ಹಾಕಿದ್ದು ಡ್ರಾಯರಿನಲ್ಲಿ ಬಿದ್ದಿದ್ದ ಪೆನ್‌ಡ್ರೈವಿನ 11. ತಪ್ಪು ನನ್ನದೇ.

ಈಗ ಫೈಲು ತರಲು ನೆಟ್ ಬೇಕು, ನೆಟ್ ಬರಲು ಫೈಲು ಬೇಕು. ಒಳ್ಳೇ ಪಜೀತಿ, ಅಲ್ವಾ? ಆಂಡ್ರಾಯ್ಡ್ ಫೋನನ್ನು ಯುಎಸ್‌ಬಿ ಕೇಬಲ್ಲಿನಿಂದ ಸಿಕ್ಕಿಸಿ, ಫೋನಿನ ನೆಟ್ಟನ್ನು ಲ್ಯಾಪ್‌ಟಾಪಿಗೆ ಹಂಚುವ ಟೆಥರಿಂಗ್ ಆನ್ ಮಾಡಿದೆ. ಲಿನಕ್ಸ್ ಅದನ್ನು ಇನ್ನೊಂದು ನೆಟ್‌ವರ್ಕ್ ಕಾರ್ಡ್ ಎಂದೇ ತಿಳಿಯುತ್ತದೆ. ಡೆಬಿಯನ್ ತಂತ್ರಾಂಶ ಇಳಿಸಿಕೊಳ್ಳುವ ಪ್ಯಾಕೇಜ್ ಪಟ್ಟಿಗೆ, ಮುಕ್ತವಲ್ಲದ ತಂತ್ರಾಂಶಗಳ 'ನಾನ್-ಫ್ರೀ' ವಿಭಾಗ ಸೇರಿಸಿ, ಫರ್ಮ್‌ವೇರ್ ಇಳಿಸಿ ರೀಬೂಟ್ ಮಾಡಿದೆ. ಬೀದಿಯ ವೈಫೈಗಳೆಲ್ಲ ಸಾಲಾಗಿ ಬಂದವು.

ಮರುದಿನ ಮತ್ತೆ ಫೋನು. ಹಾಲ್‌ನಲ್ಲಿ ಸರಿ, ಒಳಗಿನ ರೂಮಿನಲ್ಲಿ ಕಟ್ ಆಗ್ತಿದೆಯಂತೆ. ಇದು ಬೇರೆಯೇ ಕಾಯಿಲೆ. ಸಿಗ್ನಲ್ ಓದಿಸಿದೆ: ಹಾಲ್‌ನಲ್ಲಿ -48, ರೂಮಿನಲ್ಲಿ -82 ಡಿಬಿಎಂ. ಡಿಬಿಎಂ ಅಂದರೆ ಸಿಗ್ನಲ್ಲಿನ ಶಕ್ತಿಯ ಅಳತೆ. ಈ ಲೆಕ್ಕದಲ್ಲಿ 10 ಇಳಿದರೆ ಶಕ್ತಿ ಹತ್ತನೇ ಒಂದು ಪಾಲಾಗುತ್ತದೆ. 34 ಇಳಿದರೆ ಸುಮಾರು 2,500ನೇ ಒಂದು ಪಾಲು! ಬರೀ ಒಂದು ಗೋಡೆಗೆ ಇಷ್ಟು ಜಾಸ್ತಿ ಇಳಿಯಬಾರದು.

"ರೂಟರ್ ಎಲ್ಲಿಟ್ಟಿದ್ದೀರಿ?"

"ಬೀರು ಹಿಂದೆ, ಚಿಕ್ಕಪ್ಪ. ಕಾಣಿಸಿದ್ರೆ ಚೆನ್ನಾಗಿರಲ್ಲ ಅಂತ ಅಮ್ಮ ಅಲ್ಲಿಟ್ಟಿದ್ದಾರೆ."

ಕಬ್ಬಿಣದ ಬೀರು. ಅತ್ತಿಗೆಯನ್ನು ಒಪ್ಪಿಸಲು ಯಾವ ಕಮಾಂಡೂ ಇಲ್ಲ.